ಗೋಮಾಳದ ಹುಲ್ಲು

ಹುಲ್ಲೆಂದರೆ ನಮ್ಮ ಜನರಿಗೆ ಅಲಕ್ಷ್ಯ. ಯಾವುದಾದರೂ ವಸ್ತುವು ತೀರ ಹೀನವೆಂದು ಹೇಳಬೇಕಾದರೆ ಅದನ್ನು ತೃಣಸಮಾನವೆನ್ನುತ್ತೇವೆ. ಆದರೂ ಪೂಜೆಗೆ ಕುಳಿತಾಗ ಗರಿಕೆಯಿಲ್ಲದೆ ಗಣಪತಿಗೆ ತೃಪ್ತಿಯಿಲ್ಲ. ದರ್ಭೆಯಿಲ್ಲದೆ ಪಿತೃಕಾರ್ಯ ನಡೆಯುವುದಿಲ್ಲ. ನಾವು ಉಣ್ಣುವ ಹಾಲು, ಮೊಸರು, ಬೆಣ್ಣೆ, ತುಪ್ಪಗಳೆಲ್ಲವೂ ಹುಲ್ಲಿನ ರೂಪಾಂತರಗಳೇ ಆಗಿವೆ. ಮಳೆಗಾಲದಲ್ಲಿ ದನಗಳು ಹಸುರು ಮೇದು ಬಂದಾಗ ಬೆಣ್ಣೆಯು ಹಳದಿಗೆ ತಿರುಗುವುದನ್ನೂ, ಒಣಹುಲ್ಲಿನ ಕಾಲಕ್ಕೆ ಬಿಳಿದಾಗುವುದನ್ನೂ ನಮ್ಮ ಮನೆಯ ಹೆಂಗಸರು ಬಲ್ಲರು. ಮೇವಿನ ವಿಚಾರವು ದನ ಕಾಯುವವನಿಗೆ ಸೇರಿದ್ದು, ಗೃಹಸ್ಥರಿಗೆ ಅದರಿಂದೇನು ಎಂದು ವಾಚಕರು ಕೇಳಬಾರದು. ಈ ವಿಚಾರವು ಅಡುಗೆಯ ಮನೆಯವರೆಗೂ ಬರತಕ್ಕದ್ದು.

ಹೊಲದ ಬೆಳೆಯನ್ನು ಮನುಷ್ಯನು ಬಿತ್ತುತ್ತಾನೆ. ಗೋಮಾಳದ ಹುಲ್ಲನ್ನು ಯಾರೂ ಬಿತ್ತಿದವರಿಲ್ಲ. ನೇಗಿಲು ಕಾಣದೆ, ಬೀಜ ಬೀಳದೆ, ತಲೆಮಾರುಗಳಿಂದ ದನಗಳ ಮೇವಿಗೆಂದೇ ಬಿಟ್ಟ ನೆಲವನ್ನು ಶಾಶ್ವತವಾದ ಹುಲ್ಲುಗಾವಲು ಎನ್ನಬಹುದು. ಅಲ್ಲಿ ಯಾವ ಹುಲ್ಲು ಬಾಳಬೇಕು, ಯಾವುದು ಅಳಿಯಬೇಕು ಎಂಬುದನ್ನು ಮಣ್ಣು, ನೀರು, ಬಿಸಿಲು ಮತ್ತು ದನದ ಹಲ್ಲು ಈ ನಾಲ್ಕೂ ಸೇರಿ ತೀರ್ಮಾನಿಸುತ್ತವೆ. ಆದುದರಿಂದ ಹುಲ್ಲನ್ನು ನೋಡಿ ನೆಲದ ಗುಣವನ್ನು ಹೇಳುವುದು ಸಾಧ್ಯ. ಈ ವಿದ್ಯೆಯಲ್ಲಿ ನನಗೆ ಮೊದಲ ಪಾಠ ಹೇಳಿದವನು ನಮ್ಮೂರಿನ ದನ ಕಾಯುವ ಮುದುಕ. ಅವನಿಗೆ ಅಕ್ಷರ ಬಾರದು. ಆದರೆ ಬಾವಿ ತೋಡುವವರೂ ಮನೆ ಕಟ್ಟುವವರೂ ಅವನನ್ನು ಒಂದು ಮಾತು ಕೇಳಿಯೇ ಗುದ್ದಲಿ ಹಿಡಿಯುತ್ತಿದ್ದರು. “ನೆಲ ಸುಳ್ಳು ಹೇಳಾಕಿಲ್ಲ ಸ್ವಾಮಿ, ಹುಲ್ಲೇ ಅದರ ನಾಲಗೆ” ಎಂದು ಅವನು ಹೇಳುತ್ತಿದ್ದನು.

ನಮ್ಮ ಊರು ಬಯಲುಸೀಮೆಯದು. ಗೋಮಾಳವು ಒಂದು ಸಣ್ಣ ಗುಡ್ಡದ ನೆತ್ತಿಯಿಂದ ಆರಂಭವಾಗಿ ಕೆರೆಯ ಅಂಗಳದವರೆಗೆ ಇಳಿದಿದೆ. ನೆತ್ತಿಯಿಂದ ಕೆರೆಗೆ ನಡೆಯಲು ಕಾಲು ಗಂಟೆಯೂ ಬೇಡ. ಅಷ್ಟರೊಳಗೆ ಮೂರು ದೇಶಗಳನ್ನು ದಾಟಿದಂತಾಗುತ್ತದೆ. ಮಳೆಯ ನೀರು ಕೊರೆದ ಒಂದು ಕೊರಕಲು ಮೇಲಿನಿಂದ ಕೆಳಗಿನವರೆಗೂ ಹರಿದಿದೆ. ಅದರ ಅಂಚಿನಲ್ಲಿ ನಿಂತರೆ ನೆಲದ ಹೊಟ್ಟೆಯೊಳಗೆ ಏನಿದೆಯೆಂದು ಕಣ್ಣಾರೆ ಕಾಣಬಹುದು.

ನೆತ್ತಿಯಲ್ಲಿ ಮಣ್ಣು ಒಂದು ಗೇಣೂ ಇಲ್ಲ. ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ಮಳೆ ಬಿದ್ದರೆ ನೀರು ನಿಲ್ಲದೆ ಹರಿದು ಹೋಗುತ್ತದೆ. ನಿಂತ ಅಲ್ಪಸ್ವಲ್ಪವೂ ನಾಲ್ಕು ಬಿಸಿಲಿಗೆ ಆರುತ್ತದೆ. ಇಲ್ಲಿ ಬಾಳಬೇಕಾದ ಸಸ್ಯಕ್ಕೆ ಎರಡೇ ಉಪಾಯಗಳು. ಒಂದು, ಮಳೆ ಬಂದೊಡನೆ ಮೊಳೆತು, ಅವಸರದಲ್ಲಿ ಹೂಬಿಟ್ಟು, ದೀಪಾವಳಿಯೊಳಗೆ ಬೀಜ ಚೆಲ್ಲಿ ಸಾಯುವುದು. ಸಣ್ಣ ಸಣ್ಣ ವಾರ್ಷಿಕ ಹುಲ್ಲುಗಳು ಹೀಗೆ ಮಾಡುತ್ತವೆ. ಇನ್ನೊಂದು, ಎಲೆಯನ್ನು ಕಿರಿದು ಮಾಡಿಕೊಂಡು, ಮೈಯನ್ನು ಬಿರುಸು ಮಾಡಿಕೊಂಡು, ನೀರನ್ನು ಜಿಪುಣನಂತೆ ವೆಚ್ಚ ಮಾಡುವುದು. ಪೊರಕೆ ಕಟ್ಟುವ ಹಂಚಿಕಡ್ಡಿಯ ಹುಲ್ಲು ಈ ಪಂಗಡದ್ದು. ಅದರ ನಡುವೆ ಬಂದರಿಕೆ, ಕಾರೆಯ ಪೊದೆ, ನೆಲಕ್ಕಂಟಿದ ವಿಷ್ಣುಕ್ರಾಂತಿ ಇವುಗಳನ್ನು ಕಾಣಬಹುದು.

ಗುಡ್ಡದ ಸೊಂಟದಲ್ಲಿ ಕೆಂಪು ಮಣ್ಣು ಒಂದೆರಡು ಮೊಳ ಆಳಕ್ಕಿದೆ. ಇಲ್ಲಿಯ ಹುಲ್ಲು ಬುಡಕಟ್ಟಿ ಬೆಳೆಯುವ ಬಹುವಾರ್ಷಿಕ ಜಾತಿಯದು. ಬೇಸಗೆಯಲ್ಲಿ ಮೇಲೆಲ್ಲ ಒಣಗಿ ಸತ್ತಂತೆ ಕಂಡರೂ ಬುಡದಲ್ಲಿ ಜೀವವಿರುತ್ತದೆ. ಮುಂಗಾರಿನ ಮೊದಲ ಹದಮಳೆಗೆ ಚಿಗುರುತ್ತದೆ. ಹುರುಳಿ ಹೆಸರುಗಳ ಬಂಧುಗಳಾದ ಸಣ್ಣ ಬಳ್ಳಿಗಳು ಇದರ ಸಂದಿನಲ್ಲಿ ಹಬ್ಬುತ್ತವೆ. ಗಾಳಿಯಲ್ಲಿರುವ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ನೆಲಕ್ಕೆ ಕೊಡುವ ಕೆಲಸ ಇವುಗಳದು. ಗೋಮಾಳದಲ್ಲಿ ದನಕ್ಕೆ ನಿಜವಾದ ಪುಷ್ಟಿ ದೊರೆಯುವುದು ಈ ಸೊಂಟದ ಭಾಗದಲ್ಲಿಯೇ.

ಕೆರೆಯ ಕಡೆಗೆ ಇಳಿದರೆ ಮಣ್ಣು ಕಪ್ಪಾಗುತ್ತದೆ. ಕೊರಕಲಿನಲ್ಲಿ ಇಳಿದು ನಿಂತರೆ ಆಳು ಮುಳುಗುವಷ್ಟು ಎರೆ. ಮಳೆಗಾಲದಲ್ಲಿ ಅಂಟು, ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು. ನೀರು ನಿಲ್ಲುವ ತಗ್ಗಿನಲ್ಲಿ ತುಂಗೆ, ಜೇಕು, ಒಂದೆಲಗ. ಅಂಚಿನಲ್ಲಿ ಲಾವಂಚದ ಮೆಳೆ. ಬೇರುಗಳಿಗೂ ಉಸಿರು ಬೇಕು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿಲ್ಲದ ಕಾರಣ ಗುಡ್ಡದ ಹುಲ್ಲು ಇಲ್ಲಿ ಉಸಿರುಗಟ್ಟಿ ಸಾಯುತ್ತದೆ. ಇಲ್ಲಿಯ ಜೇಕು ಗುಡ್ಡದ ಮೇಲೆ ಬಾಯಾರಿ ಸಾಯುತ್ತದೆ. ನೀರು ಹರಿದು ಹೋಗಲು ದಾರಿಯಿಲ್ಲದ ಒಂದು ಮೂಲೆಯಲ್ಲಿ ಬೇಸಗೆಗೆ ಉಪ್ಪು ಬಿಳಿಯಾಗಿ ಮೇಲೇಳುತ್ತದೆ. ಆ ಚೌಳಿನಲ್ಲಿ ನೆಲಕ್ಕೆ ಅಂಟಿಕೊಂಡ ಬಿರುಸು ಹುಲ್ಲಿನ ಹೊರತು ಮತ್ತೇನೂ ಇಲ್ಲ.

ಇಷ್ಟರಲ್ಲಿ ಇನ್ನೂ ಸೂಕ್ಷ್ಮಗಳಿವೆ. ಗುಡ್ಡದ ಬಡಗಣ ಮಗ್ಗುಲು ತೆಂಕಣ ಮಗ್ಗುಲಿಗಿಂತ ಕೆಲವು ದಿವಸ ಹೆಚ್ಚು ಹಸುರಾಗಿರುತ್ತದೆ. ಹಿಂಗಾರಿನ ತಿಂಗಳುಗಳಲ್ಲಿ ಸೂರ್ಯನು ತೆಂಕಣಕ್ಕೆ ವಾಲಿ ಅತ್ತಕಡೆಯನ್ನೇ ಹೆಚ್ಚು ಕಾಯಿಸುವುದು ಇದಕ್ಕೆ ಕಾರಣ. ಮಧ್ಯಾಹ್ನ ದನಗಳು ಮಲಗಿ ಮೆಲುಕು ಹಾಕುವ ಆಲದ ಮರದ ಕೆಳಗೆ ಮಣ್ಣು ಬೇರೆಯೇ ಆಗಿದೆ. ಅಲ್ಲಿ ವರ್ಷಗಟ್ಟಲೆ ಸಗಣಿ ಗಂಜಲ ಬಿದ್ದಿದೆ. ಗರಿಕೆ, ಮುಳ್ಳುದಂಟು, ಉತ್ತರಾಣಿ, ಉಮ್ಮತ್ತಿ ಇವು ಸೊಕ್ಕಿ ಬೆಳೆದಿವೆ. ಅಲ್ಲಿಂದ ನೂರು ಮಾರು ಹೋದರೆ ಇವುಗಳಲ್ಲಿ ಒಂದೂ ಸಿಗದು. ಬೀಜವು ಎಲ್ಲ ಕಡೆಗೂ ಬಿದ್ದಿರುತ್ತದೆ. ಆದರೆ ನೆಲವು ಎಲ್ಲರನ್ನೂ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ.

ನಮ್ಮ ಹಿರಿಯರು ಇದನ್ನರಿತು ರಾಜ್ಯದ ವ್ಯವಹಾರವನ್ನೇ ನಡೆಸಿದ್ದರು. ಮೈಸೂರಿನ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಆರಂಭವಾಗಿ, ಹೈದರನಿಂದ ವಿಸ್ತಾರಗೊಂಡು, ಟಿಪ್ಪುವಿನಿಂದ ಅಮೃತಮಹಲೆಂಬ ಹೆಸರು ಪಡೆದ ದನಗಳ ಇಲಾಖೆಗೆ ಕಾವಲುಗಳೆಂಬ ಹುಲ್ಲುಗಾವಲುಗಳು ರಾಜ್ಯದ ಉದ್ದಗಲಕ್ಕೂ ಇದ್ದುವು. ಅವನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರಾಗಿ ವಿಂಗಡಿಸಿದ್ದರು. ಮರದ ನೆರಳೂ, ಕೆರೆಯ ಅಂಗಳದ ಹಸುರೂ, ಕುಡಿಯುವ ನೀರೂ ಉಳ್ಳವು ಬೇಸಗೆಯ ಕಾವಲುಗಳು; ಅವುಗಳಿಗೆ ಬೆಲೆ ಹೆಚ್ಚು. ದನಗಳು ಋತುವನ್ನು ಅನುಸರಿಸಿ ಕಾವಲಿನಿಂದ ಕಾವಲಿಗೆ ಹೋಗುತ್ತಿದ್ದುವು. ಒಂದು ನೆಲದಲ್ಲಿ ಮೇಯುತ್ತಿರುವಾಗ ಉಳಿದೆರಡಕ್ಕೆ ವಿಶ್ರಾಂತಿ. ನೆಲವನ್ನು ದನಕ್ಕೆ ತಕ್ಕಂತೆ ತಿದ್ದುವ ಬದಲು ದನವನ್ನು ನೆಲಕ್ಕೆ ತಕ್ಕಂತೆ ನಡೆಸಿದ ಜಾಣತನವಿದು.

ಮಲೆನಾಡಿನ ಗುಡ್ಡಗಳಲ್ಲಿ ಆಳುದ್ದ ಕರಡ ಬೆಳೆಯುವುದನ್ನು ಕಂಡ ಬಯಲುಸೀಮೆಯವರು ಹೊಟ್ಟೆಕಿಚ್ಚು ಪಡುವುದುಂಟು. ಅದು ತೋರಿಕೆಯ ಸಮೃದ್ಧಿ. ಅತಿಮಳೆಯು ಮಣ್ಣಿನ ಸುಣ್ಣವನ್ನೂ ಇತರ ಸಾರಗಳನ್ನೂ ತೊಳೆದು ಹೊಳೆಗೆ ಕೊಟ್ಟುಬಿಡುತ್ತದೆ. ಉಳಿದ ಮಣ್ಣು ಹುಳಿ. ಹುಳಿ ಮಣ್ಣಿನ ಹುಲ್ಲಿಗೆ ಎತ್ತರವುಂಟು, ಕಸುವಿಲ್ಲ. ಬಯಲಿನಲ್ಲಿ ಮಳೆ ಕಡಮೆ, ಹುಲ್ಲು ಗಿಡ್ಡ. ಆದರೆ ಸಾರವು ನೆಲದಲ್ಲೇ ಉಳಿದಿರುತ್ತದೆ. ಅಮೃತಮಹಲು, ಹಳ್ಳಿಕಾರುಗಳಂಥ ದೊಡ್ಡ ಮೈಯ ದನಗಳು ಬಯಲುಸೀಮೆಯವು. ಮಲೆನಾಡಿನದು ಗಿಡ್ಡ ತಳಿ. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಹುಲ್ಲಿನ ಪಾಲೇ ಇಲ್ಲವೆಂದು ಹೇಳುವಂತಿಲ್ಲ.

ಇವೆಲ್ಲ ಮುದುಕರ ಮಾತು, ಶಾಸ್ತ್ರಕ್ಕೆ ನಿಲ್ಲುವುವೆ ಎಂದು ಸಂದೇಹಪಡುವವರಿಗೆ ಇಂಗ್ಲೆಂಡಿನ ಒಂದು ಹುಲ್ಲುಗಾವಲಿನ ಕಥೆಯನ್ನು ಹೇಳಬೇಕು. ಲಂಡನ್ನಿನ ಉತ್ತರಕ್ಕೆ ಹಾರ್ಪೆಂಡನ್ ಎಂಬ ಊರಿನ ಬಳಿ ರೋಥಾಮ್‌ಸ್ಟೆಡ್ ಎಂಬ ಜಹಗೀರಿದೆ. ಅದರ ಒಡೆಯರಾದ ಜಾನ್ ಬೆನೆಟ್ ಲಾಸ್ ಎಂಬವರು ರಾಸಾಯನಿಕ ಗೊಬ್ಬರವನ್ನು ತಯಾರಿಸಿ ಮಾರಿ ಹಣ ಗಳಿಸಿದವರು. 1843ರಲ್ಲಿ ಅವರು ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನ ಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡರು. ಇಬ್ಬರೂ ಅರ್ಧ ಶತಮಾನಕ್ಕೂ ಮೀರಿ ಒಟ್ಟಿಗೆ ದುಡಿದರು. 1856ರಲ್ಲಿ, ನೂರು ವರ್ಷಗಳಿಗೂ ಹಿಂದಿನಿಂದ ಹುಲ್ಲುಗಾವಲಾಗಿದ್ದ ಸುಮಾರು 7 ಎಕರೆ ನೆಲವನ್ನು ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರವನ್ನು ಪ್ರತಿವರ್ಷವೂ ಹಾಕುತ್ತ ಬಂದರು. ಕೆಲವಕ್ಕೆ ಏನನ್ನೂ ಹಾಕಲಿಲ್ಲ. ಎಲ್ಲಿಯೂ ಹೊಸ ಬೀಜವನ್ನು ಬಿತ್ತಲಿಲ್ಲ. ಹುಲ್ಲನ್ನು ಕೊಯ್ದು ತೂಗಿ ಲೆಕ್ಕವಿಡುವುದೇ ಉದ್ದೇಶ. ಆ ಪ್ರಯೋಗವು ಇಂದಿಗೂ ನಡೆಯುತ್ತಿದೆ.

ಗೊಬ್ಬರದಿಂದ ಹುಲ್ಲು ಎಷ್ಟು ಹೆಚ್ಚುತ್ತದೆಂದು ತಿಳಿಯುವುದಕ್ಕೆ ಹೊರಟವರಿಗೆ ಬೇರೊಂದು ಸಂಗತಿ ಎದುರಾಯಿತು. ಎರಡೇ ವರ್ಷಗಳಲ್ಲಿ ಪಟ್ಟಿಗಳು ಬೇರೆ ಬೇರೆ ಬೀಜ ಬಿತ್ತಿದ ಹೊಲಗಳಂತೆ ಕಾಣತೊಡಗಿದುವು. ರಂಜಕ ಮತ್ತು ಪೊಟ್ಯಾಷುಗಳನ್ನು ಮಾತ್ರ ಕಂಡ ಪಟ್ಟಿಯಲ್ಲಿ ದ್ವಿದಳ ಸಸ್ಯಗಳು ಹೆಚ್ಚಿದುವು. ಸಾರಜನಕವನ್ನು ಸುರಿದಲ್ಲಿ ಒರಟು ಹುಲ್ಲುಗಳು ಎದ್ದು ಉಳಿದವನ್ನು ನೆರಳಿನಲ್ಲಿ ಮುಚ್ಚಿ ಕೊಂದುವು. ಏನೂ ಹಾಕದ ಬಡ ಪಟ್ಟಿಯಲ್ಲಿ ಹುಲ್ಲಿನ ತೂಕ ಕಡಮೆ. ಆದರೆ ಸುಮಾರು 40 ಜಾತಿಯ ಸಸ್ಯಗಳು ಇಂದಿಗೂ ಕೂಡಿ ಬಾಳುತ್ತಿವೆ. ಅಮೋನಿಯಂ ಸಲ್ಫೇಟನ್ನು ಬಹಳವಾಗಿ ಹಾಕಿ ಸುಣ್ಣ ಕೊಡದ ಪಟ್ಟಿಗಳಲ್ಲಿ ಮಣ್ಣು ವರ್ಷದಿಂದ ವರ್ಷಕ್ಕೆ ಹುಳಿಯಾಗಿ, ಎರೆಹುಳು ಅಳಿದು, ಸತ್ತ ಹುಲ್ಲು ಕೊಳೆಯದೆ ಚಾಪೆಯಂತೆ ಮೇಲೆ ಕೂತು, ಕೊನೆಗೆ ಉಳಿದವು ಎರಡು ಮೂರು ಜಾತಿಗಳು ಮಾತ್ರ. ಅದೇ ಸಾರಜನಕವನ್ನು ಹುಳಿಯೇರಿಸದ ಸೋಡಿಯಂ ನೈಟ್ರೇಟಿನ ರೂಪದಲ್ಲಿ ಕೊಟ್ಟ ಕಡೆ ಇಷ್ಟು ಹಾನಿಯಾಗಲಿಲ್ಲ. 1903ರಿಂದ ಕೆಲವು ಭಾಗಗಳಿಗೆ ಸುಣ್ಣ ಹಾಕುತ್ತ ಬಂದರು. 1965ರಲ್ಲಿ ಬಹುತೇಕ ಪಟ್ಟಿಗಳನ್ನು ನಾಲ್ಕಾಗಿ ಒಡೆದು ಹುಳಿಯ ಪ್ರಮಾಣವು ಒಂದೊಂದರಲ್ಲಿ ಒಂದೊಂದಿರುವಂತೆ ಮಾಡಿದರು. ಹುಳಿ ತಗ್ಗಿದ ಕಡೆ ಬೇರೆ ಸಸ್ಯಗಳು ಮೆಲ್ಲಮೆಲ್ಲನೆ ಮರಳಿದುವು.

ನನಗೆ ಅತ್ಯಂತ ವಿಸ್ಮಯವನ್ನುಂಟುಮಾಡಿದ ಸಂಗತಿ ಇನ್ನೊಂದು. ಆ ಪಟ್ಟಿಗಳ ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ. ಒಂದೇ ಜಾತಿಯ ಹುಲ್ಲು ಗೆರೆಯ ಈಚೆಗೂ ಆಚೆಗೂ ಬೆಳೆಯುತ್ತದೆ. ಹಾಗಿದ್ದರೂ ಕೆಲವು ದಶಕಗಳಲ್ಲಿ ಈಚೆಯದಕ್ಕೂ ಆಚೆಯದಕ್ಕೂ ಎತ್ತರದಲ್ಲಿ, ಗುಣದಲ್ಲಿ ಹುಟ್ಟುಭೇದವೇ ಬಂದುಬಿಟ್ಟಿತು; ಒಂದೊಂದೂ ತನ್ನ ಮಣ್ಣಿನಲ್ಲಿಯೇ ಚೆನ್ನಾಗಿ ಬಾಳತೊಡಗಿತು. ಮಣ್ಣು ತನಗೆ ಬೇಕಾದ ಹುಲ್ಲನ್ನು ಆರಿಸಿಕೊಳ್ಳುವುದಷ್ಟೇ ಅಲ್ಲ, ಆರಿಸಿಕೊಂಡುದನ್ನು ತನ್ನ ಅಚ್ಚಿನಲ್ಲಿ ಎರೆಯುತ್ತದೆ ಎಂಬುದು ಇದರಿಂದ ಸಿದ್ಧವಾಯಿತು.

ಅಲ್ಲಿ ಕತ್ತಿ ಮಾಡುವ ಕೆಲಸವನ್ನು ಇಲ್ಲಿ ಹಲ್ಲು ಮಾಡುತ್ತದೆ. ಹುಲ್ಲಿನ ಬೆಳೆಯುವ ಕಣ್ಣು ಬುಡದಲ್ಲಿರುವುದರಿಂದ ತುದಿಯನ್ನು ದನ ಕಚ್ಚಿದರೂ ಅದು ಸಾಯುವುದಿಲ್ಲ; ಹದವಾಗಿ ಮೇದರೆ ಇನ್ನೂ ಒತ್ತಾಗುತ್ತದೆ. ಆದರೆ ಚಿಗುರಿದಂತೆಲ್ಲ ಕಚ್ಚುತ್ತಿದ್ದರೆ ಬೇರಿನಲ್ಲಿ ಕೂಡಿಟ್ಟ ಆಹಾರ ತೀರಿ ಗಿಡ ಸೊರಗುತ್ತದೆ. ದನಗಳು ಮೊದಲು ಮುಗಿಸುವುದು ರುಚಿಯಾದ ಬಹುವಾರ್ಷಿಕ ಹುಲ್ಲನ್ನು. ಅದು ಹೋದ ಕಡೆ, ಬೀಜಗಳು ಸೂಜಿಯಂತೆ ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲು ಬರುತ್ತದೆ. ಅದೂ ಸವೆದರೆ ಹಂಚಿಕಡ್ಡಿ. ಅದರ ಮೇಲೆ ಬಡಕಲು ವಾರ್ಷಿಕಗಳು. ಕಡೆಗೆ ದನ ಮೂಸದ ತಗಚೆ ಮತ್ತು ಪಾರ್ಥೇನಿಯಂ. ಹೆಸರಿಗೆ ಕಾಂಗ್ರೆಸ್ ಹುಲ್ಲೆಂದರೂ ಈ ಕೊನೆಯದು ಹುಲ್ಲಿನ ಜಾತಿಯದಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಹಬ್ಬಿತು. ತುಂಬಿದ ಹುಲ್ಲಿನ ನಡುವೆ ಅದಕ್ಕೆ ಸುಲಭವಾಗಿ ಕಾಲೂರಲಾಗದು. ಬರಿದಾದ ನೆಲವೇ ಅದರ ಹೆಬ್ಬಾಗಿಲು. ಹೀಗೆ ಮೆಟ್ಟಲು ಮೆಟ್ಟಲಾಗಿ ಇಳಿದ ನೆಲವು ಎಷ್ಟನೆಯ ಮೆಟ್ಟಲಿನಲ್ಲಿದೆಯೆಂಬುದನ್ನು ಹುಲ್ಲು ನೋಡಿದ ಮಾತ್ರದಿಂದ ಹೇಳಬಹುದು.

ಈ ವಿಚಾರವನ್ನು ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವುಂಟು. ಬರುವ ಯುಗಾದಿಯ ತರುವಾಯ ನಮ್ಮೂರಿನ ಗ್ರಾಮಸಭೆಯ ಮುಂದೆ ಒಂದು ಸಲಹೆ ಬರಲಿದೆ. ಗೋಮಾಳವು ಬರಿಯ ಬಂಜರಾಗಿ ಬಿದ್ದಿದೆ. ಅದನ್ನೆಲ್ಲ ಉತ್ತು, ಮೇಲ್ತರದ ಮೇವಿನ ಬೀಜ ಬಿತ್ತಿ, ಮೂಟೆಗಟ್ಟಲೆ ಗೊಬ್ಬರ ಹಾಕಿದರೆ ಊರಿಗೆ ಊರೇ ಹಾಲಿನಲ್ಲಿ ತೇಲುತ್ತದೆ ಎಂಬುದು ಅದರ ಸಾರಾಂಶ. ಸೂಚಿಸಿದವರು ಓದಿದ ತರುಣರು, ಊರಿನ ಹಿತವನ್ನು ಬಯಸುವವರು. ಅವರಲ್ಲಿ ಒಬ್ಬನು ನನ್ನ ತಮ್ಮನ ಮಗ. “ದೊಡ್ಡಪ್ಪಾ, ಕಾಲ ಬದಲಾಗಿದೆ, ನೀವು ಮಾತ್ರ ಹುಲ್ಲು ಎಣಿಸುತ್ತ ಕುಳಿತಿದ್ದೀರಿ” ಎಂದು ಅವನು ವಿನಯವಾಗಿಯೇ ಹೇಳಿದನು. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಗೊಬ್ಬರದಿಂದ ಹುಲ್ಲು ಹೆಚ್ಚುವುದೆಂಬುದಕ್ಕೆ ರೋಥಾಮ್‌ಸ್ಟೆಡ್ಡಿನ ಲೆಕ್ಕವೇ ಸಾಕ್ಷಿ. ಕೆರೆಯ ಪಕ್ಕದ ಆಳವಾದ ಎರೆಯಲ್ಲಿ ನಾಲ್ಕೈದು ಎಕರೆಯನ್ನು ಮೇವಿನ ತೋಟವಾಗಿ ಮಾಡಲಿ. ನೀರಿದೆ, ಮಣ್ಣಿದೆ, ಫಲ ಬಂದೀತು. ಆದರೆ ಗುಡ್ಡದ ನೆತ್ತಿಯ ಒಂದು ಗೇಣು ಮಣ್ಣಿಗೆ ನೇಗಿಲಿಟ್ಟರೆ ಏನಾಗುವುದು? ಆ ಮಣ್ಣನ್ನು ಹಿಡಿದುಕೊಂಡಿರುವುದು ಹುಲ್ಲಿನ ಬೇರಿನ ಹೆಣಿಗೆ. ಅದು ಹರಿದರೆ ಮೊದಲ ಜೋರು ಮಳೆಗೆ ಮಣ್ಣು ಕೆರೆಗಿಳಿದು ಹೂಳಾಗುತ್ತದೆ. ಗರಸಿನ ಮೇಲೆ ಯಾವ ದೇಶದ ಬೀಜ ತಂದು ಬಿತ್ತಿದರೂ ಹಂಚಿಕಡ್ಡಿಯೂ ಬಾರದ ಕಾಲ ಬಂದೀತು.

ನೆಲದ ಮಾತು ಹಾಗಿರಲಿ, ಜನರ ಮಾತೊಂದಿದೆ. ಗೋಮಾಳದ ಮೇಲೆ ಹೆಚ್ಚಾಗಿ ಆತುಕೊಂಡಿರುವವರು ನಾಲ್ಕು ಎಕರೆ ಹೊಲವುಳ್ಳ ನಾವಲ್ಲ. ನಮಗೆ ರಾಗಿಯ ಹುಲ್ಲಿನ ಬಣವೆ ಇದೆ. ಹೊಲವೇ ಇಲ್ಲದ, ಒಂದು ಹಸುವನ್ನೋ ನಾಲ್ಕು ಆಡುಗಳನ್ನೋ ಸಾಕಿ ಮಕ್ಕಳಿಗೆ ಪುಸ್ತಕ ಕೊಳ್ಳುವ ವಿಧವೆಗೆ ಈ ಬಂಜರೇ ಹೊಲ. ಉತ್ತು ಬೇಲಿ ಹಾಕಿದ ನೆಲದೊಳಕ್ಕೆ ಅವಳ ಹಸುವನ್ನು ಬಿಡುವವರು ಯಾರು? ನೂರು ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಉಚಿತ ಗೋಮಾಳವಿರಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಗೊತ್ತುಮಾಡಿರುವುದು ಇಂಥವರನ್ನು ನೆನೆದೇ ಇರಬೇಕು.

ಹಾಗಾದರೆ ಕೈಕಟ್ಟಿ ಕುಳಿತಿರಬೇಕೆ? ಅದೂ ಅಲ್ಲ. ನಮ್ಮ ಗೋಮಾಳವು ಮೇಲಿನ ಮೆಟ್ಟಲಿನಲ್ಲಿ ಇಲ್ಲವೆಂಬುದು ನಿಜ. ಆದರೆ ಕಾರೆಯ ಮುಳ್ಳುಪೊದೆಗಳ ಒಳಗೆ ಬಾಗಿ ನೋಡಿದರೆ, ದನದ ಬಾಯಿ ಎಟುಕದ ಆ ಜಾಗದಲ್ಲಿ, ಹಿಂದೆ ಗುಡ್ಡವನ್ನೆಲ್ಲ ತುಂಬಿದ್ದ ಒಳ್ಳೆಯ ಹುಲ್ಲು ಇನ್ನೂ ಬುಡಕಟ್ಟಿ ನಿಂತಿದೆ. ಅದೇ ನಮ್ಮ ಬೀಜದ ಕಣಜ. ಗೋಮಾಳವನ್ನು ಮೂರು ಪಾಲು ಮಾಡಿ, ಪ್ರತಿವರ್ಷವೂ ಒಂದು ಪಾಲನ್ನು ಮುಂಗಾರಿನಿಂದ ದೀಪಾವಳಿಯವರೆಗೆ ಮೇಯಿಸದೆ ಬಿಟ್ಟರೆ, ಹುಲ್ಲು ಹೂಬಿಟ್ಟು ಬೀಜ ಉದುರಿಸುತ್ತದೆ. ಆ ಮೇಲೆ ಕೊಯ್ದು ಮನೆಗೆ ತರಬಹುದು. ಪಾರ್ಥೇನಿಯಮ್ಮನ್ನು ಹೂ ಬಿಡುವ ಮೊದಲೇ ಕೀಳಬೇಕು. ಕೊರಕಲಿಗೆ ಅಲ್ಲಲ್ಲಿ ಕಲ್ಲು ಅಡ್ಡ ಹಾಕಿ ನೀರನ್ನು ನಿಧಾನಮಾಡಬೇಕು. ಇದಕ್ಕೆ ಹಣ ಬೇಡ, ಒಗ್ಗಟ್ಟು ಬೇಕು. ಒಗ್ಗಟ್ಟು ಹಣಕ್ಕಿಂತ ದುರ್ಲಭವೆಂಬುದನ್ನು ನಾನು ಅರಿಯದವನಲ್ಲ.

ನನ್ನ ತಮ್ಮನ ಮಗನಿಗೆ ನಾನು ಇಷ್ಟೇ ಹೇಳಿದ್ದೇನೆ: “ಸಭೆಗೆ ಮೊದಲು ಒಂದು ಸಾರಿ ನನ್ನೊಡನೆ ನೆತ್ತಿಯಿಂದ ಕೆರೆಯವರೆಗೆ ನಡೆದು ಬಾ. ಎಲ್ಲಿ ಯಾವ ಹುಲ್ಲಿದೆ, ಏಕೆ ಇದೆ ನೋಡು. ಆಮೇಲೆ ನೀನು ಏನು ಹೇಳಿದರೂ ಕೇಳುತ್ತೇನೆ.” ಬರುತ್ತೇನೆಂದಿದ್ದಾನೆ. ವಾಚಕ ಮಹಾಶಯರಲ್ಲಿಯೂ ನನ್ನ ಪ್ರಾರ್ಥನೆ ಇದೇ. ನಿಮ್ಮ ಊರಿನಲ್ಲಿಯೂ ಗೋಮಾಳವೋ ಕಾವಲೋ ಇದ್ದೇ ಇರಬಹುದು. ಅದನ್ನು ಬಂಜರೆಂದು ಬರೆದಿರುವ ಕಾಗದಕ್ಕೆ ಒಪ್ಪಿಗೆ ಹಾಕುವ ಮೊದಲು ಅಲ್ಲಿಯ ಹುಲ್ಲನ್ನು ಬಾಗಿ ನೋಡಿರಿ. ನೂರಾರು ವರ್ಷಗಳಲ್ಲಿ ಮಣ್ಣೂ ಮಳೆಯೂ ಕೂಡಿ ಮಾಡಿಟ್ಟುದನ್ನು ಉಳಲು ಒಂದು ದಿವಸ ಸಾಕು; ಮರಳಿ ಪಡೆಯಲು ನಮ್ಮ ಮೊಮ್ಮಕ್ಕಳ ಆಯುಸ್ಸೂ ಸಾಲದು.